ಬಿಲದಿಂದ ಮರಳಿ ಬರುವ ಪಾಠ

ನವೆಂಬರ್ ತಿಂಗಳ ಮುಂಜಾವು. ಇಂಗ್ಲೆಂಡಿನ ಹಳ್ಳಿಯೊಂದರ ಅಂಚು. ರಾತ್ರಿ ಬಿದ್ದ ಮಂಜು ಹುಲ್ಲಿನ ಮೇಲೆ ಹೆಪ್ಪುಗಟ್ಟಿ ಬಿಳಿ ಪುಡಿಯಂತೆ ಕೂತಿದೆ. ಗೋಧಿ ಹೊಲದ ಬೇಲಿಯ ಬುಡದಲ್ಲಿ ಮೂರು ಬಿಲಗಳು. ಒಬ್ಬ ರೈತ ಮತ್ತು ಹೈಸ್ಕೂಲು ಓದುತ್ತಿರುವ ಅವನ ಮಗ ಬಗ್ಗಿಕೊಂಡು, ಸದ್ದಾಗದಂತೆ, ಒಂದೊಂದು ಬಿಲದ ಬಾಯಿಗೂ ಬಲೆ ಹಾಸುತ್ತಿದ್ದಾರೆ. ಮಾತಿಲ್ಲ, ಕೈಸನ್ನೆ ಮಾತ್ರ. ಹುಡುಗನ ಪಕ್ಕದಲ್ಲಿಟ್ಟ ಮರದ ಪೆಟ್ಟಿಗೆಯೊಳಗಿಂದ ಪರಪರ ಕೆರೆಯುವ ಸದ್ದು. ಒಳಗಿರುವುದು ಐದು ತಿಂಗಳ ಹೆಣ್ಣು ಫೆರೆಟ್. ಇಂದು ಅದಕ್ಕೆ ಕೆಲಸದ ಮೊದಲ ದಿನ.

ಬ್ರಿಟನ್ನಿನ ಹಳ್ಳಿಗಾಡಿನಲ್ಲಿ ಚಳಿಗಾಲ ಬಂತೆಂದರೆ ಇಂಥ ದೃಶ್ಯಗಳು ಇಂದಿಗೂ ಕಾಣಸಿಗುತ್ತವೆ. ಫೆರೆಟ್ಟನ್ನು ಬಿಲಕ್ಕೆ ಬಿಟ್ಟು ಮೊಲಗಳನ್ನು ಹೊರಗೋಡಿಸುವುದು ಅಲ್ಲಿ ಶತಮಾನಗಳ ಹಳೆಯ ಕಸುಬು. ಎಳೆಯ ಫೆರೆಟ್ಟಿಗೆ ಈ ಕೆಲಸ ಕಲಿಸುವುದು ಹೇಗೆ ಎಂದು ಅನುಭವಸ್ಥರನ್ನು ಕೇಳಿದರೆ ಮೊದಲು ನಕ್ಕುಬಿಡುತ್ತಾರೆ. ಮೀನಿನ ಮರಿಗೆ ಯಾರಾದರೂ ಈಜು ಕಲಿಸುತ್ತಾರೆಯೆ? ಬಿಲ ಕಂಡರೆ ನುಗ್ಗುವುದು, ಮೊಲದ ವಾಸನೆ ಬಂದರೆ ಅಟ್ಟುವುದು ಫೆರೆಟ್ಟಿನ ಹುಟ್ಟುಗುಣ. ಹಾಗಾದರೆ ತಿಂಗಳುಗಟ್ಟಲೆ ಕಲಿಸುವುದಾದರೂ ಏನನ್ನು? ಒಳಗೆ ಹೋಗುವುದನ್ನಲ್ಲ, ಹೊರಗೆ ಬರುವುದನ್ನು. ಬಂದು, ಕೈಗೆ ಸಿಗುವುದನ್ನು.

ನೀರುನಾಯಿಯ ನೆಂಟ

ಫೆರೆಟ್ ನೋಡಲು ನಮ್ಮ ಮುಂಗುಸಿಯನ್ನು ನೆನಪಿಸುತ್ತದೆ. ಅದೇ ಉದ್ದ ಮೈ, ಅದೇ ಗಿಡ್ಡ ಕಾಲು. ಆದರೆ ಇವೆರಡರ ಸಂಬಂಧ ದೂರದ್ದು. ಕಾವೇರಿ, ತುಂಗಭದ್ರೆಗಳಲ್ಲಿ ಮೀನು ಹಿಡಿಯುವ ನೀರುನಾಯಿಯೇ ಅದಕ್ಕೆ ಹತ್ತಿರದ ನೆಂಟ. ಎರಡೂ ಒಂದೇ ಕುಟುಂಬದವು. ಯುರೋಪಿನ ಪೋಲ್‌ಕ್ಯಾಟ್ ಎಂಬ ಕಾಡುಪ್ರಾಣಿಯನ್ನು ಎರಡು ಸಾವಿರ ವರ್ಷಗಳಿಗೂ ಹಿಂದೆ ಪಳಗಿಸಿದ್ದರ ಫಲವೇ ಇಂದಿನ ಫೆರೆಟ್. ಗಂಡಿಗೆ ಅಲ್ಲಿನವರು ಹಾಬ್ ಎನ್ನುತ್ತಾರೆ, ಹೆಣ್ಣಿಗೆ ಜಿಲ್, ಮರಿಗೆ ಕಿಟ್. ಹೆಣ್ಣು ಒಂದು ಕಿಲೋ ತೂಗುವುದೂ ಅಪರೂಪ. ಗಂಡು ಅದರ ಎರಡರಷ್ಟು ಬೆಳೆಯಬಲ್ಲದು. ಫೆರೆಟ್ ಎಂಬ ಹೆಸರಿನ ಮೂಲ ಲ್ಯಾಟಿನ್ ಭಾಷೆಯಲ್ಲಿದೆ. ಅಲ್ಲಿ ಅದರ ಅರ್ಥ ‘ಪುಟ್ಟ ಕಳ್ಳ’!

ಮೊಲದ ವಿಷಯದಲ್ಲೂ ಒಂದು ಮಾತು ಹೇಳಬೇಕು. ನಮ್ಮ ಹೊಲಗಳಲ್ಲಿ ಥಟ್ಟನೆ ಎದ್ದು ಓಡುವ ಕಾಡುಮೊಲ ಬಿಲ ತೋಡುವುದಿಲ್ಲ. ಹುಲ್ಲು, ಪೊದೆಗಳ ಮರೆಯಲ್ಲಿ ತಗ್ಗು ಮಾಡಿಕೊಂಡು ಅಲ್ಲೇ ಮಲಗುತ್ತದೆ. ಬ್ರಿಟನ್ನಿನ ಬಿಲದ ಮೊಲ ಬೇರೆಯೇ ಜಾತಿ. ಅದರ ಮೂಲ ನೆಲೆ ಸ್ಪೇನ್, ಪೋರ್ಚುಗಲ್ ಪ್ರದೇಶ. ನಮ್ಮಲ್ಲಿ ಮಕ್ಕಳು ಸಾಕುವ ಬಿಳಿಮೊಲ ಕೂಡ ಅದೇ ವಂಶದ್ದು. ಅದು ನೆಲದಡಿ ಕವಲೊಡೆಯುವ ಸುರಂಗಗಳನ್ನು ಕೊರೆದು, ಹಲವು ಬಾಗಿಲುಗಳನ್ನಿಟ್ಟುಕೊಂಡು ಗುಂಪಾಗಿ ಬಾಳುತ್ತದೆ. ಗರ್ಭದ ಅವಧಿ ಸುಮಾರು ಒಂದೇ ತಿಂಗಳು. ಹೀಗಾಗಿ ವರ್ಷಕ್ಕೆ ಹಲವು ಸೂಲು. ಆರರಿಂದ ಹತ್ತು ಮೊಲ ಸೇರಿದರೆ ಒಂದು ಕುರಿಯಷ್ಟು ಮೇಯುತ್ತವೆ ಎಂಬ ಅಂದಾಜಿದೆ. ಬಿತ್ತಿದ ಪೈರಿನ ಅಂಚು ಬೋಳಾದಾಗ ರೈತನಿಗೆ ಈ ಲೆಕ್ಕ ಪುಸ್ತಕದಲ್ಲಿ ಓದಬೇಕಾಗಿಲ್ಲ.

ಎರಡು ಸಾವಿರ ವರ್ಷದ ಚಿಂತೆ

ಹಿಂದಿನವರಿಗೂ ಇದೇ ಪಾಡಿತ್ತು. ರೋಮನ್ ಚಕ್ರವರ್ತಿ ಅಗಸ್ಟಸ್‌ನ ಕಾಲದಲ್ಲಿ ಸ್ಪೇನ್ ಬಳಿಯ ಬಾಲಿಯಾರಿಕ್ ದ್ವೀಪಗಳ ಜನ ಮೊಲಗಳ ಕಾಟ ತಡೆಯಲಾರದೆ ಸೈನ್ಯದ ನೆರವು ಕೇಳಿದರಂತೆ. ರೋಮನ್ ಲೇಖಕ ಪ್ಲಿನಿ ಇದನ್ನು ದಾಖಲಿಸಿದ್ದಾನೆ. ಅದೇ ಕಾಲದ ಗ್ರೀಕ್ ಭೂಗೋಳಕಾರ ಸ್ಟ್ರಾಬೊ ಸ್ಪೇನಿನ ಮೊಲಬೇಟೆಯನ್ನು ವರ್ಣಿಸುತ್ತ, ಆಫ್ರಿಕದಿಂದ ತಂದು ಸಾಕಿದ ಕಾಡುಪ್ರಾಣಿಯೊಂದನ್ನು ಬಿಲಕ್ಕೆ ಬಿಡುತ್ತಿದ್ದರೆಂದು ಬರೆದಿದ್ದಾನೆ. ಅದು ಫೆರೆಟ್ಟೇ ಇರಬೇಕೆಂದು ವಿದ್ವಾಂಸರ ಊಹೆ. ಅವನು ಕೊಡುವ ಒಂದು ವಿವರ ಗಮನಾರ್ಹ: ಬಿಡುವ ಮೊದಲು ಅದರ ಬಾಯಿ ಕಟ್ಟುತ್ತಿದ್ದರು.

ಬಾಯಿ ಕಟ್ಟಿದ್ದೇಕೆ? ಕಟ್ಟದಿದ್ದರೆ ಅದು ಒಳಗೇ ಮೊಲವನ್ನು ಕೊಂದು, ಹೊಟ್ಟೆ ತುಂಬ ತಿಂದು, ಅಲ್ಲೇ ಸುರುಳಿ ಸುತ್ತಿ ಮಲಗಿಬಿಡುತ್ತದೆ. ಮೇಲೆ ಕಾದವನು ಸಂಜೆಯವರೆಗೂ ಕಾಯಬೇಕು. ಎರಡು ಸಾವಿರ ವರ್ಷಗಳ ಹಿಂದಿನ ಬೇಟೆಗಾರನ ಚಿಂತೆಯೂ ಇಂದಿನವನದೇ: ಹೋದದ್ದು ಮರಳಿ ಬರುತ್ತದೆಯೇ?

ಬ್ರಿಟನ್ನಿನಲ್ಲಿ ಮೊಲ ಸಾಕಣೆಯನ್ನು ದೊಡ್ಡ ಪ್ರಮಾಣದಲ್ಲಿ ತಂದವರು ನಾರ್ಮನ್ನರು. ಆಗ ಮೊಲ ಪೀಡೆಯಾಗಿರಲಿಲ್ಲ. ಶ್ರೀಮಂತರ ಮಾಂಸ ಮತ್ತು ತುಪ್ಪಳದ ಸೊತ್ತಾಗಿತ್ತು. ಎರಡನೆಯ ರಿಚರ್ಡ್ ದೊರೆಯ ಕಾಲದಲ್ಲಿ, 1390ರ ಸುಮಾರಿಗೆ, ವರ್ಷಕ್ಕೆ 40 ಷಿಲಿಂಗ್ ಆದಾಯದ ಭೂಮಿ ಇಲ್ಲದವರು ಬೇಟೆನಾಯಿ, ಬಲೆ, ಫೆರೆಟ್ ಇಟ್ಟುಕೊಳ್ಳಕೂಡದೆಂದು ಕಾಯಿದೆಯೇ ಬಂತು. ಬಡವನ ಕೈಯಲ್ಲಿ ಫೆರೆಟ್ ಇದ್ದರೆ ಧಣಿಯ ಮೊಲ ಉಳಿಯದು ಎಂಬ ಭಯ. ಕಾಲಾಂತರದಲ್ಲಿ ಮೊಲಗಳು ತಪ್ಪಿಸಿಕೊಂಡು ನಾಡೆಲ್ಲ ಹಬ್ಬಿದವು. ಆಗ ಫೆರೆಟ್ ಬಡವನ ಅಡುಗೆಮನೆಗೂ ರೈತನ ಹೊಲಕ್ಕೂ ಬೇಕಾದ ಪ್ರಾಣಿಯಾಯಿತು.

ಪಾಠ ಮನೆಯಲ್ಲೇ ಶುರು

ಫೆರೆಟ್ 42 ದಿನ ಗರ್ಭ ಧರಿಸಿ ಬೇಸಿಗೆಯಲ್ಲಿ ಮರಿ ಹಾಕುತ್ತದೆ. ಹುಟ್ಟಿದ ಮರಿಗೆ ಕಣ್ಣೂ ತೆರೆದಿರುವುದಿಲ್ಲ, ಕಿವಿಯೂ ಕೇಳುವುದಿಲ್ಲ. ಸುಮಾರು ಒಂದು ತಿಂಗಳಿಗೆ ಕಣ್ಣು ಬಿಡುತ್ತದೆ. ಆ ಹೊತ್ತಿಗೇ ಅದಕ್ಕೆ ಮನುಷ್ಯನ ಕೈಯ ವಾಸನೆ ಪರಿಚಯವಾಗಬೇಕು. ದಿನವೂ ಎತ್ತಿಕೊಳ್ಳುವುದು, ಮೈ ಸವರುವುದು, ಕೈಯಿಂದಲೇ ತಿನಿಸು ಕೊಡುವುದು, ಇವೇ ಮೊದಲ ತರಗತಿಗಳು.

ಮರಿ ಕಚ್ಚುತ್ತದೆ. ಅದರ ದೃಷ್ಟಿ ಅಷ್ಟು ಚುರುಕಲ್ಲ. ಕಣ್ಣೆದುರು ಅಲ್ಲಾಡುವ ಬೆರಳೂ ಅದಕ್ಕೆ ತಿನಿಸಿನಂತೆ ಕಂಡೀತು. ಒಡನಾಡಿ ಮರಿಗಳೊಡನೆ ಆಡುವಾಗಲೂ ಅದು ಹಲ್ಲನ್ನೇ ಬಳಸುವುದು. ಆಗ ಹುಡುಗರು ಹೆದರಿ ಕೈ ಹಿಂದಕ್ಕೆಳೆದುಕೊಳ್ಳುವುದು ಸಹಜ. ಕೆಡುವುದು ಅಲ್ಲೇ. ಕಚ್ಚಿದರೆ ಕೈ ದೂರ ಹೋಗುತ್ತದೆ ಎಂಬ ಪಾಠವನ್ನು ಮರಿ ಒಂದೇ ದಿನದಲ್ಲಿ ಕಲಿತುಬಿಡುತ್ತದೆ. ಹೊಡೆದರಂತೂ ಮುಗಿಯಿತು, ಕೈ ಎಂದರೆ ಶತ್ರು ಎಂದು ತೀರ್ಮಾನಿಸುತ್ತದೆ. ಬಲ್ಲವರು ಬೆರಳು ಚಾಚುವುದಿಲ್ಲ, ಮುಷ್ಟಿ ಮಡಿಚಿ ನಿಧಾನವಾಗಿ ಮುಂದೊಡ್ಡುತ್ತಾರೆ. ಮರಿ ಮೂಸುತ್ತದೆ, ಹಲ್ಲೂರಲು ನೋಡುತ್ತದೆ, ಹಿಡಿತ ಸಿಗದೆ ಬಿಡುತ್ತದೆ. ಕೆಲವೇ ವಾರಗಳಲ್ಲಿ ಕೈ ಅದಕ್ಕೆ ಮನೆಯ ಒಂದು ಸಾಮಾನಿನಂತೆ ಆಗಿಬಿಡುತ್ತದೆ.

ಮುಂದಿನದು ಕೊಳವೆಯ ಪಾಠ. ಸಾಕುವ ಆವರಣದಲ್ಲಿ ಚರಂಡಿಯ ಕೊಳವೆ ತುಂಡುಗಳನ್ನು ಜೋಡಿಸಿಟ್ಟರೆ ಮರಿಗಳು ತಾವಾಗಿಯೇ ನುಗ್ಗಿ ಆಡುತ್ತವೆ. ಕತ್ತಲು, ಇಕ್ಕಟ್ಟು, ತಿರುವು ಎಲ್ಲ ಅಭ್ಯಾಸವಾಗುತ್ತದೆ. ಕೊಳವೆಯ ಇನ್ನೊಂದು ತುದಿಯಲ್ಲಿ ಕೂತವನು ಪ್ರತಿದಿನ ಒಂದೇ ರೀತಿಯ ಸದ್ದು ಮಾಡುತ್ತಾನೆ. ನಾಲಿಗೆಯಿಂದ ಲೊಚಗುಡುವುದೋ, ಡಬ್ಬಿಯಲ್ಲಿ ಕಾಳು ಅಲ್ಲಾಡಿಸುವುದೋ ಆಗಬಹುದು. ಬಂದರೆ ಒಂದು ಚೂರು ಮಾಂಸ. ಬಂದ ಕೂಡಲೇ ಹಿಡಿದು ಗೂಡಿಗೆ ತಳ್ಳುವುದಿಲ್ಲ. ಎತ್ತಿ, ಸವರಿ, ಮತ್ತೆ ಆಟಕ್ಕೆ ಬಿಡುತ್ತಾನೆ. ಹೊರಬಂದರೆ ಆಟ ಮುಗಿಯುತ್ತದೆ ಎಂದು ಅದಕ್ಕೆ ಎಂದೂ ಅನ್ನಿಸಬಾರದು. ಇಡೀ ವಿದ್ಯೆಯ ಗುಟ್ಟು ಈ ಒಂದು ಮಾತಿನಲ್ಲಿದೆ.

ಬೇಟೆನಾಯಿ ಜೊತೆಗಿರುವ ಮನೆಯಾದರೆ ನಾಯಿಗೂ ಮರಿಗೂ ಮೊದಲೇ ಪರಿಚಯ ಮಾಡಿಸುತ್ತಾರೆ. ಕೊರಳಿಗೆ ಕಟ್ಟುವ ಪಟ್ಟಿಯನ್ನೂ ಮೊದಲೇ ಕಟ್ಟಿ ರೂಢಿ ಮಾಡಿಸುತ್ತಾರೆ. ಮರದ ಪೆಟ್ಟಿಗೆಯಲ್ಲಿ ಕೂತು ಪಯಣಿಸುವುದೂ ಹೊಸದಾಗಬಾರದು. ಮೊದಲ ದಿನ ಹೊಸದಾಗಿರಬೇಕಾದದ್ದು ಒಂದೇ, ಮೊಲ.

ಮೊದಲ ದಿನದ ಆಯ್ಕೆ

ಈ ಕೆಲಸಕ್ಕೆ ಕಾಲವೂ ಇದೆ. ಬೇಸಿಗೆಯಲ್ಲಿ ಗಿಡಗಂಟಿ ಬೆಳೆದು ಬಿಲದ ಬಾಯಿಗಳೇ ಕಾಣುವುದಿಲ್ಲ; ಬಿಲದಲ್ಲಿ ಎಳೆಮರಿಗಳೂ ಇರುತ್ತವೆ. ಮೇಲಾಗಿ ಫೆರೆಟ್ ಬಿಸಿಲು ತಾಳದ ಪ್ರಾಣಿ. ಮಂಜು ಬಿದ್ದು ಸೊಪ್ಪು ಒಣಗಿದ ಮೇಲೆ, ಶರತ್ಕಾಲದ ಕೊನೆಯಿಂದ ಚಳಿಗಾಲ ಕಳೆಯುವ ತನಕ ಕೆಲಸ ನಡೆಯುತ್ತದೆ. ಬೇಸಿಗೆಯ ಮರಿಗೆ ಆಗ ನಾಲ್ಕೈದು ತಿಂಗಳಾಗಿರುತ್ತದೆ.

ಎಳೆಯ ಫೆರೆಟ್ಟಿಗೆ ಎಂಥ ಬಿಲ? ಇಪ್ಪತ್ತು ಮೂವತ್ತು ಬಾಗಿಲುಗಳ ಹಳೆಯ ದೊಡ್ಡ ಬಿಲಜಾಲ ಖಂಡಿತ ಬೇಡ. ಎರಡು ಮೂರು ಬಾಗಿಲಿನ, ಆಳವಿಲ್ಲದ, ಅಗೆಯಲು ಸುಲಭವಾದ ಮಣ್ಣಿನ ಪುಟ್ಟ ಬಿಲ ಸಾಕು. ಆದರೆ ಒಳಗೆ ಮೊಲ ಇರಲೇಬೇಕು. ಹೊಸ ಹಿಕ್ಕೆ, ಆಗತಾನೆ ಕೆರೆದ ಮಣ್ಣು, ಬಾಯಿಯ ಅಂಚು ನುಣುಪಾಗಿರುವುದು ಇವೆಲ್ಲ ಗುರುತುಗಳು. ಪಳಗಿದ ನಾಯಿ ಮೂಸಿದ ಮಾತ್ರಕ್ಕೆ ಹೇಳಿಬಿಡುತ್ತದೆ. ಖಾಲಿ ಬಿಲಗಳಿಗೆ ಮತ್ತೆ ಮತ್ತೆ ಬಿಟ್ಟರೆ ಎಳೆಯದಕ್ಕೆ ಬೇಸರ ಹತ್ತುತ್ತದೆ. ಮೊದಲ ದಿನ ಗೆಲುವು ಸಣ್ಣದಾದರೂ ಸರಿ, ಸಿಗಬೇಕು.

ಪರ್ಸ್ ನೆಟ್ ಎಂಬ ಚೀಲದಂಥ ಬಲೆಯನ್ನು ಪ್ರತಿ ಬಾಯಿಗೂ ಹಾಸಿ, ಅದರ ಹುರಿಯನ್ನು ಗೂಟಕ್ಕೆ ಕಟ್ಟಿ ನೆಲಕ್ಕೆ ಊರುತ್ತಾರೆ. ಓಡಿ ಬಂದ ಮೊಲ ಬಲೆಗೆ ಬಿದ್ದ ರಭಸಕ್ಕೆ ಹುರಿ ಬಿಗಿದು ಚೀಲದ ಬಾಯಿ ಮುಚ್ಚಿಕೊಳ್ಳುತ್ತದೆ. ಹೆಜ್ಜೆ ಸದ್ದಾದರೆ ಕೆಟ್ಟಿತು. ಮೇಲೆ ಯಾರೋ ಇದ್ದಾರೆಂದು ತಿಳಿದ ಮೊಲ ಹೊರಗೆ ಬರುವ ಬದಲು ಒಳಗೇ ಫೆರೆಟ್ಟನ್ನು ಎದುರಿಸುತ್ತದೆ. ಸುರಂಗದ ಕುರುಡು ಕೊನೆಗೆ ಹೋಗಿ ಬೆನ್ನು ತಿರುಗಿಸಿ ಕೂತುಬಿಟ್ಟರೆ ಫೆರೆಟ್ಟಿಗೆ ಅದರ ಕತ್ತು ಎಟುಕುವುದಿಲ್ಲ. ಹಿಂಗಾಲಿನ ಒಂದು ಒದೆತ ಸಾಕು, ಅರ್ಧ ತೂಕದ ಎಳೆಯ ಜಿಲ್ ಬಹುಕಾಲ ಅದನ್ನು ಮರೆಯುವುದಿಲ್ಲ.

ಫೆರೆಟ್ಟನ್ನು ಬಿಲದೊಳಗೆ ತುರುಕುವುದು ದೊಡ್ಡ ತಪ್ಪು. ಬಾಯಿಯ ಹತ್ತಿರ ನೆಲಕ್ಕಿಟ್ಟು ಸುಮ್ಮನಾಗಬೇಕು. ಅದು ಮೂಸುತ್ತದೆ, ಬಾಲದ ಕೂದಲು ನಿಮಿರುತ್ತದೆ, ಎರಡು ಹೆಜ್ಜೆ ಒಳಗಿಟ್ಟು ಹಿಂದೆ ಬರುತ್ತದೆ, ಮತ್ತೆ ಹೋಗುತ್ತದೆ. ಕೆಲವು ಮೊದಲ ಸಲವೇ ಮಾಯವಾಗುತ್ತವೆ. ಕೆಲವಕ್ಕೆ ಮೂರು ನಾಲ್ಕು ದಿನ ಬೇಕಾಗುತ್ತದೆ. ಜೊತೆಗೆ ಅನುಭವಿ ಹೆಣ್ಣೊಂದನ್ನು ಬಿಡುವವರೂ ಇದ್ದಾರೆ. ಒಂಟಿಯಾಗಿಯೇ ಕಲಿಯಲಿ ಎನ್ನುವವರೂ ಇದ್ದಾರೆ. ಆದರೆ ನಿಧಾನಿಸಿದ ಮರಿ ದಡ್ಡ ಎಂದು ಯಾರೂ ಹೇಳುವುದಿಲ್ಲ. ಮೊದಲ ಚಳಿಗಾಲ ಹಿಂಜರಿದ ಫೆರೆಟ್ ಎರಡನೆಯ ಚಳಿಗಾಲದಲ್ಲಿ ಎಲ್ಲಕ್ಕಿಂತ ನೆಚ್ಚಿನದಾಗುವುದುಂಟು.

ಹಸಿವಿನ ವಿಷಯದಲ್ಲೂ ಹಳಬರ ಲೆಕ್ಕ ಬದಲಾಗಿದೆ. ಉಪವಾಸ ಕೆಡವಿದರೆ ಚೆನ್ನಾಗಿ ಅಟ್ಟುತ್ತದೆ ಎಂದು ಹಿಂದೆ ನಂಬಿದ್ದವರಿದ್ದರು. ಹಸಿದ ಫೆರೆಟ್ ಅಟ್ಟುವುದಿಲ್ಲ, ಹಿಡಿದು ತಿನ್ನುತ್ತದೆ. ತಿಂದ ಮೇಲೆ ಮಲಗುತ್ತದೆ. ಆದ್ದರಿಂದ ಇಂದು ಬಹಳ ಮಂದಿ ಅರೆಹೊಟ್ಟೆಗಾದರೂ ತಿನ್ನಿಸಿಯೇ ಕರೆತರುತ್ತಾರೆ. ಬಾಯಿ ಕಟ್ಟುವ ಪದ್ಧತಿ ಹಿಂದೆ ಬಿದ್ದಿದೆ. ಬಾಯಿ ಕಟ್ಟಿದ ಫೆರೆಟ್ ನೆಲದಡಿ ಕಳೆದುಹೋದರೆ ತಿನ್ನಲೂ ಆಗದೆ, ಇಲಿಯಂಥದು ಮೇಲೆ ಬಿದ್ದರೆ ಕಾಪಾಡಿಕೊಳ್ಳಲೂ ಆಗದೆ ಸಾಯುತ್ತದೆ.

ಬಾಗಿಲಲ್ಲಿ ನಿಂತು ಇಣುಕುವ ಫೆರೆಟ್

ಎಲ್ಲಕ್ಕಿಂತ ಸೂಕ್ಷ್ಮ ಕ್ಷಣ ಬರುವುದು ಕೊನೆಯಲ್ಲಿ. ಮೊಲ ಬಲೆಗೆ ಬಿದ್ದಿದೆ. ಅದರ ಹಿಂದೆಯೇ ಫೆರೆಟ್ಟಿನ ಮೂಗು ಬಿಲದ ಬಾಯಲ್ಲಿ ಕಾಣಿಸುತ್ತದೆ. ಹೊಸಬ ಹುಡುಗನಿಗೆ ತಡೆಯಲಾಗುವುದಿಲ್ಲ. ಒಳಗೆ ಹೋಗಿಬಿಟ್ಟೀತೆಂಬ ಆತಂಕದಿಂದ ಗಬಕ್ಕನೆ ಕೈ ಹಾಕುತ್ತಾನೆ. ಫೆರೆಟ್ ಬೆದರಿ ಹಿಂದೆ ಸರಿಯುತ್ತದೆ. ಎರಡನೆಯ ಸಲ ಅದು ಬಾಯಿಯವರೆಗೆ ಬಂದು ನಿಲ್ಲುತ್ತದೆ. ಕೈ ಚಾಚಿದರೆ ಒಂದು ಗೇಣು ಒಳಗೆ. ಕೈ ಹಿಂದಕ್ಕೆ ಬಂದರೆ ಮತ್ತೆ ಬಾಗಿಲಿಗೆ. ಹೀಗೇ ಗಂಟೆಗಟ್ಟಲೆ. ಒಮ್ಮೆ ಈ ಚಾಳಿ ಹತ್ತಿದರೆ ಬಿಡಿಸುವುದು ಬಲು ಕಷ್ಟ. ಎಷ್ಟು ಚುರುಕಾಗಿ ಅಟ್ಟುವುದಾದರೂ ಆ ಫೆರೆಟ್ಟಿನೊಂದಿಗೆ ಕೆಲಸಕ್ಕೆ ಹೋಗಲು ಯಾರಿಗೂ ಮನಸ್ಸಾಗುವುದಿಲ್ಲ. ಕತ್ತಲಾದ ಮೇಲೂ ಬಾರದೆ ಉಳಿದದ್ದು ಬೆಳಗಾಗುವಷ್ಟರಲ್ಲಿ ಎಲ್ಲೋ ಹೊರಟುಹೋಗಿರಬಹುದು.

ದೋಷ ಪ್ರಾಣಿಯದಲ್ಲ. ಹೊರಬಂದದ್ದಕ್ಕೆ ಅದು ಪಡೆದ ಪ್ರತಿಫಲ ಕುತ್ತಿಗೆಗೆ ಬಿದ್ದ ಹಿಡಿತ; ಪಾಠವನ್ನು ಅದು ಸರಿಯಾಗಿಯೇ ಕಲಿತಿದೆ. ಬಲ್ಲವನು ಅದು ನಾಲ್ಕೂ ಕಾಲು ಹೊರಗಿಟ್ಟು ಬಿಲದಿಂದ ದೂರ ಬರುವವರೆಗೆ ಕಾಯುತ್ತಾನೆ. ನಂತರ ಕೈಯನ್ನು ನೆಲಮಟ್ಟದಲ್ಲಿ ನಿಧಾನ ತಂದು, ಹೆಗಲ ಭಾಗದಲ್ಲಿ ಸುತ್ತಿ ಎತ್ತುತ್ತಾನೆ. ಬಲೆಯಲ್ಲಿ ಸಿಕ್ಕಿದ ಮೊಲವನ್ನು ಅದು ಒಂದು ಗಳಿಗೆ ಮೂಸಿ ಎಳೆದಾಡಲು ಬಿಡುತ್ತಾನೆ. ಒಂದೆರಡು ಮೊಲ ಹೊರಬಿದ್ದರೆ ಅಂದಿನ ಶಾಲೆ ಬಿಟ್ಟ ಹಾಗೆ. ಇನ್ನೂ ಹತ್ತು ಬಿಲ ಎದುರಿಗಿದ್ದರೂ ಸರಿ, ಮರಿಗೆ ಉಮೇದು ಇರುವಾಗಲೇ ಪೆಟ್ಟಿಗೆ ಮುಚ್ಚುತ್ತಾನೆ.

ಇಷ್ಟಾದರೂ ಕೆಲವೊಮ್ಮೆ ಫೆರೆಟ್ ಒಳಗೇ ಉಳಿಯುತ್ತದೆ. ಹಿಂದೆ ದೊಡ್ಡ ಗಂಡು ಫೆರೆಟ್ಟೊಂದರ ಕೊರಳಿಗೆ ಉದ್ದನೆಯ ಹಗ್ಗ ಕಟ್ಟಿ ಒಳಗೆ ಬಿಟ್ಟು, ಹಗ್ಗದ ಜಾಡು ಹಿಡಿದು ಅಗೆಯುತ್ತಿದ್ದರು. ಈಗ ಕೊರಳಪಟ್ಟಿಯಲ್ಲಿ ಪುಟ್ಟ ಪ್ರೇಷಕ ಯಂತ್ರವಿರುತ್ತದೆ. ಮೇಲೆ ನಿಂತವನ ಕೈಯಲ್ಲಿರುವ ಪೆಟ್ಟಿಗೆ ಅದರ ಸಂಕೇತ ಹಿಡಿದು ಟಿಕ್ ಟಿಕ್ ಎನ್ನುತ್ತದೆ. ಯಾವ ಜಾಗದಲ್ಲಿ, ಎಷ್ಟು ಆಳದಲ್ಲಿ ಎಂದೂ ತೋರುತ್ತದೆ. ಸಲಿಕೆ ಹಿಡಿದು ಅಗೆದರೆ ಪ್ರಾಣಿ ಸಿಗುತ್ತದೆ. ಬಾಯಿಗೆ ಕಟ್ಟಿದ ಪಟ್ಟಿ, ಕೊರಳಿಗೆ ಕಟ್ಟಿದ ಹಗ್ಗ, ಈ ಯಂತ್ರ ಎಲ್ಲವೂ ಒಂದೇ ಪ್ರಶ್ನೆಗೆ ಮನುಷ್ಯ ಕಂಡುಕೊಂಡ ಉತ್ತರಗಳು. ಮನೆಯಂಗಳದ ಕೊಳವೆಯಲ್ಲಿ ಕಲಿಸಿದ ನಂಬಿಕೆ ಗಟ್ಟಿಯಾಗಿದ್ದಷ್ಟೂ ಸಲಿಕೆಗೆ ಕೆಲಸ ಕಡಿಮೆ.

ಮೊಲದ ಕಡೆಯಿಂದ

ಇದನ್ನು ಓದುವ ಮಕ್ಕಳು ಮೊಲದ ಪಾಡೇನು ಎಂದು ಕೇಳಿದರೆ ತಪ್ಪಲ್ಲ. ಬಲೆಗೆ ಬಿದ್ದ ಮೊಲವನ್ನು ತಡಮಾಡದೆ, ನರಳಿಸದೆ ಕೊಲ್ಲಬೇಕು ಎಂಬುದು ಈ ಕಸುಬಿನ ಮೊದಲ ನಿಯಮ. ಬಲೆಯಲ್ಲಿರುವಾಗ ಮೊಲವನ್ನು ಹಿಂಸಿಸುವುದು ಬ್ರಿಟನ್ನಿನ ಕಾನೂನಿಗೂ ವಿರುದ್ಧ. ಭೂಮಿಯ ಒಡೆಯನ ಒಪ್ಪಿಗೆ ಇಲ್ಲದೆ ಬಲೆ ಹಾಕುವಂತಿಲ್ಲ. ವಿಷದ ಅನಿಲಕ್ಕೆ ಹೋಲಿಸಿದರೆ ಫೆರೆಟ್ ಮೇಲು ಎನ್ನುವವರಿದ್ದಾರೆ. ಈ ಬೇಟೆಯೇ ಬೇಡ ಎನ್ನುವವರೂ ಅಲ್ಲೇ ಇದ್ದಾರೆ.

ಮೊಲಕ್ಕೆ ಫೆರೆಟ್ಟಿಗಿಂತ ಭೀಕರ ಶತ್ರುಗಳು ಬಂದು ಹೋಗಿವೆ. 1953ರಲ್ಲಿ ಬ್ರಿಟನ್ನಿಗೆ ಕಾಲಿಟ್ಟ ಮಿಕ್ಸೊಮ್ಯಾಟೋಸಿಸ್ ರೋಗ ಎರಡೇ ವರ್ಷಗಳಲ್ಲಿ ಅಲ್ಲಿನ ನೂರಕ್ಕೆ ಸುಮಾರು 95 ಮೊಲಗಳನ್ನು ಬಲಿ ತೆಗೆದುಕೊಂಡಿತು. ಚೇತರಿಸಿಕೊಂಡ ಮೊಲಗಳಿಗೆ 1990ರ ದಶಕದಲ್ಲಿ ರಕ್ತಸ್ರಾವದ ಇನ್ನೊಂದು ವೈರಾಣು ರೋಗ ಗಂಟುಬಿತ್ತು. ಹೊಲದಲ್ಲಿ ಪೀಡೆ ಎನಿಸಿಕೊಂಡ ಈ ಪ್ರಾಣಿ ತನ್ನ ತವರಾದ ಸ್ಪೇನ್, ಪೋರ್ಚುಗಲ್‌ಗಳಲ್ಲಿ ಈಗ ಅಳಿವಿನ ಅಂಚಿನ ಪಟ್ಟಿಯಲ್ಲಿದೆ.

ಕಲಿಸುವ ಕೈ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನ್ಯೂಜಿಲೆಂಡ್ ಸಾಕ್ಷಿ. 1880ರ ದಶಕದಲ್ಲಿ ಅಲ್ಲಿನ ಕುರಿಗಾವಲುಗಳನ್ನು ಮೊಲಗಳು ಬೋಳು ಮಾಡಿದಾಗ ಸಾವಿರಾರು ಫೆರೆಟ್ಟುಗಳನ್ನು ತಂದು ಬಯಲಿಗೆ ಬಿಟ್ಟರು. ಬಲೆಯಿಲ್ಲ, ಪೆಟ್ಟಿಗೆಯಿಲ್ಲ, ಕರೆಯುವವರಿಲ್ಲ. ಅವು ಹೋದವು, ಮರಳಲಿಲ್ಲ. ಮೊಲಗಳು ಮುಗಿಯಲೂ ಇಲ್ಲ. ಬದಲಿಗೆ ಹಾರಲಾರದ ಕಿವಿಯಂಥ ನೆಲದ ಹಕ್ಕಿಗಳಿಗೆ ಕುತ್ತು ಬಂತು. ಕೊನೆಗೆ 2002ರಲ್ಲಿ ಆ ದೇಶ ಫೆರೆಟ್ ಮಾರಾಟವನ್ನೂ ಸಾಕಿ ಮರಿ ಮಾಡಿಸುವುದನ್ನೂ ನಿಷೇಧಿಸಿತು. ಇಂಗ್ಲೆಂಡಿನ ಬೇಲಿಯ ಬುಡದಲ್ಲಿ ರೈತನಿಗೆ ನೆರವಾಗುವ ಪ್ರಾಣಿ ಅಲ್ಲಿ ಪಿಡುಗಾಯಿತು. ಪ್ರಾಣಿ ಎರಡೂ ಕಡೆ ಒಂದೇ; ಇಲ್ಲದೆ ಹೋದದ್ದು ಅದು ಮರಳಿ ಬರಬೇಕಾದ ಕೈ.

ಈಗ ಮತ್ತೆ ಆ ಬೇಲಿಯ ಬುಡಕ್ಕೆ. ಬಲೆಯಲ್ಲಿ ಬಿದ್ದ ಮೊಲವನ್ನು ತಂದೆ ಬಿಡಿಸಿಕೊಂಡಾಗಿದೆ. ಬಿಲದ ಬಾಯಲ್ಲಿ ಮಣ್ಣು ಮೆತ್ತಿದ ಪುಟ್ಟ ಮುಖವೊಂದು ಮೂಡಿ ಬೆಳಕಿಗೆ ಕಣ್ಣು ಪಿಳುಕಿಸುತ್ತಿದೆ. ಹುಡುಗನ ಕೈ ತಾನಾಗಿ ಮುಂದಕ್ಕೆ ಹೋಗುತ್ತದೆ. ತಂದೆ ಏನೂ ಹೇಳದೆ ಅವನ ಮೊಣಕೈ ಮುಟ್ಟುತ್ತಾನೆ. ಕೈ ನಿಲ್ಲುತ್ತದೆ. ಹುಡುಗ ನಾಲಿಗೆಯಿಂದ ಲೊಚಗುಟ್ಟುತ್ತಾನೆ, ಬೇಸಿಗೆಯಿಡೀ ಕೊಳವೆಯ ತುದಿಯಲ್ಲಿ ಕೂತು ಮಾಡಿದ ಅದೇ ಸದ್ದು. ಮರಿ ಒಮ್ಮೆ ಹಿಂದಿನ ಕತ್ತಲನ್ನು ನೋಡುತ್ತದೆ, ಒಮ್ಮೆ ಮುಂದಿನ ಕೈಯನ್ನು. ನಂತರ ಮೈ ಕೊಡವಿಕೊಂಡು ಪೂರ್ತಿ ಹೊರಗೆ ಬಂದು ಅವನ ಅಂಗೈ ಮೂಸುತ್ತದೆ.

ಅಂದು ಆ ಬೇಲಿಯ ಬುಡದಲ್ಲಿ ಕಲಿತವರು ಇಬ್ಬರು. ಹೋಗುವುದನ್ನು ಮರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಕಾಯುವುದನ್ನು ಮಾತ್ರ ಹುಡುಗನಿಗೆ ಕಲಿಸಬೇಕಾಗಿತ್ತು. ಅದನ್ನು ಕಲಿಸಿದ ತಂದೆಯೂ ಮಗನ ಕೈಯನ್ನು ಹಿಡಿದೆಳೆಯಲಿಲ್ಲ.